ಐದು ಗುಂಡು, ಒಂದು ತೂತು

ಕುಂದಾಪುರದ ಶಾಲೆಯಲ್ಲಿ ನಾನು ಡ್ರಿಲ್ ಮಾಸ್ತರನಾಗಿದ್ದಾಗ, ಊರಿನ ರೈಫಲ್ ಕ್ಲಬ್ಬಿಗೆ ಹೊಸ ರೈಫಲ್ ಆರಿಸುವ ಕೆಲಸ ನನ್ನ ತಲೆಗೆ ಬಂತು. ಅಂಗಡಿಯವರು ಪರೀಕ್ಷೆಗೆಂದು ಪಾಯಿಂಟ್ ಟೂ ಟೂ ರೈಫಲ್ ಎರಡನ್ನು ಕೊಟ್ಟಿದ್ದರು. ಕ್ಲಬ್ಬಿನ ಅಧ್ಯಕ್ಷರಾದ ಹೆಗ್ಡೇರ ಮನೆ ಬ್ರಹ್ಮಾವರದಲ್ಲಿ. ಅವರ ಕೊಯ್ಲಾದ ಗದ್ದೆಯಲ್ಲಿ ತೆಂಗಿನ ಕೊರಡಿಗೆ ಕಾಗದ ಅಂಟಿಸಿ, ಮಲಗಿಕೊಂಡು, ಒಂದೊಂದರಿಂದ ಐದೈದು ಗುಂಡು ಹೊಡೆದೆ.

ಮೊದಲನೆಯದರ ಐದೂ ಗುಂಡು ಒಂದೇ ತೂತಿನಲ್ಲಿ ಹೋದವು. ಎರಡನೆಯದು ಕಾಗದದ ತುಂಬ ಚೆಲ್ಲಾಡಿತು. ನಾನು ಹೆಮ್ಮೆಯಿಂದ ಮೊದಲನೆಯದನ್ನು ಮುಂದೆ ಚಾಚಿದೆ.

ಹೆಗ್ಡೇರು ಎರಡೂ ಕಾಗದವನ್ನು ಬಿಸಿಲಿಗೆ ಹಿಡಿದು ನೋಡಿದರು. "ಮಾಷ್ಟ್ರೆ, ಇದ್ರಗೆ ಒಂದೇ ಒಟ್ಟೆ ಇತ್ತ್. ಉಳ್ದ ನಾಲ್ಕ್ ಗುಂಡ್ ಎಲ್ಲಿಗ್ ಹೋಯ್ತ್?"

"ಅದೇ ಒಟ್ಟೆ ಒಳ್ಗೆ ಹೋಯ್ತ್. ಅದ್ಕೇ ಇದ್ ಒಳ್ಳೆ ರೈಫಲ್."

"ಹೌದಾ? ಹಂಗಾರೆ ತೆಗ್ದ್ ತೋರ್ಸಿ, ಕಾಂಬ."

ಕತ್ತಿ ತರಿಸಿ ಅರ್ಧ ಗಂಟೆ ಕೊರಡು ಕೆತ್ತಿದೆ. ಐದೂ ಗುಂಡು ಒಂದರ ಮೇಲೊಂದು ಬಡಿದು ಒಂದೇ ಸೀಸದ ಉಂಡೆಯಾಗಿದ್ದವು.

ಹೆಗ್ಡೇರು ಅದನ್ನು ಅಂಗೈಯಲ್ಲಿ ಹೊರಳಿಸಿ, ನನ್ನನ್ನು ಕನಿಕರದಿಂದ ನೋಡಿದರು. "ಇಪ್ದ್ ಒಂದೇ ಗುಂಡ್, ಮಾಷ್ಟ್ರೆ."

ಕ್ಲಬ್ಬು ಎರಡನೆಯದನ್ನೇ ಕೊಂಡಿತು. ಆ ವರ್ಷದ ಸ್ಪರ್ಧೆಯೂ ಅದೇ ಗದ್ದೆಯಲ್ಲಿ, ತೀರ್ಪುಗಾರರು ಹೆಗ್ಡೇರೇ. ಸ್ವಂತ ರೈಫಲ್ ತಂದಿದ್ದ ಬೈಂದೂರಿನವರೊಬ್ಬರು ಐದನ್ನೂ ಒಂದೇ ತೂತಿಗೆ ಹೊಡೆದು ಕೊನೆಯ ಸ್ಥಾನಕ್ಕೆ ಬಂದರು. ಕ್ಲಬ್ಬಿನ ರೈಫಲಿನಿಂದ ಹೊಡೆದ ನನಗೆ ಐದಕ್ಕೆ ಐದು, ಮೊದಲ ಬಹುಮಾನ. ಆ ಮನುಷ್ಯ ಕೊರಡು ಕೆತ್ತಲು ಕತ್ತಿ ಕೇಳುತ್ತಿದ್ದಾಗ, ನಾನು ಬಹುಮಾನದ ಸ್ಟೀಲ್ ತಂಬಿಗೆ ಕಂಕುಳಲ್ಲಿಟ್ಟುಕೊಂಡು ಕುಂದಾಪುರದ ಬಸ್ಸು ಹತ್ತಿದೆ.