ವ್ಯಾನಿನ ಮುಖಕ್ಕೆ ಕಟ್ಟಿದ ಬಟ್ಟೆ

"ಮೇಲೊಂದು ತೊಟ್ಟಿ, ಕೆಳಗೊಂದು ತೊಟ್ಟಿ ಕಣಕ್ಕ. ನಡುವೆ ಚಪ್ಪಟೆ ಕೊಳವೆಗಳು. ಕೊಳವೆ ಸಂದಿನಾಗೆ ತೆಳ್ಳನೆ ತಗಡು, ಸೀರೆ ನೆರಿಗೆ ಹಿಡ್ದಂಗೆ. ಇಂಜಿನ್ನಾಗೆ ಕಾದ ನೀರು ಮೇಲಿನ ತೊಟ್ಟಿಗೆ ಬಂದು, ಕೊಳವೆಗುಂಟ ಇಳೀತಾ ಕಾವೆಲ್ಲ ತಗಡಿಗೆ ಕೊಡ್ತೈತೆ. ಎದುರುಗಾಳಿ ಬಂದು ಆ ಕಾವು ಹೊತ್ಕೊಂಡ್ ಹೋಗ್ತೈತೆ. ತಣ್ಣಗಾದ ನೀರನ್ನ ಪಂಪು ಮತ್ತೆ ಇಂಜಿನ್ನಿಗೆ ತಳ್ತೈತೆ. ಗಾಳಿ ಇಲ್ದಿದ್ರೆ ಇದ್ರಾಗೆ ಏನೂ ಇಲ್ಲ."

ಮಡಕಶಿರದ ಆಚೆಯ ಗುಡಿಬಂಡೆಯ ಆದಿನಾರಾಯಣ ತನ್ನ ವ್ಯಾನಿನ ಹೆಂಗಸರಿಗೆ ರೇಡಿಯೇಟರಿನ ಬಗ್ಗೆ ಹೀಗೆ ಹೇಳುತ್ತಿದ್ದ. ಬೆಂಗಳೂರಿನ ಶೆಡ್ಡೊಂದರಲ್ಲಿ ರೇಡಿಯೇಟರ್ ಬೆಸುಗೆ ಹಾಕಿಕೊಂಡಿದ್ದವನು, ಹಿಂದೂಪುರದ ಕಡೆ ಗಾರ್ಮೆಂಟ್ಸು ಬಂದ ಮೇಲೆ ಊರಿಗೆ ಮರಳಿ, ಅಲ್ಲಿ ಕೆಲಸ ಮಾಡುವ ಹೆಂಗಸರನ್ನು ಹಳೇ ವ್ಯಾನಿನಲ್ಲಿ ಕರೆದೊಯ್ಯತೊಡಗಿದ್ದ.

ಆ ವರ್ಷದ ಆಯುಧಪೂಜೆಗೆ ಹೆಂಗಸರು ಜೀನ್ಸಿನ ತುಂಡುಗಳನ್ನು ಹೊಲಿದು, ದೀಪಗಳಷ್ಟು ಬಿಟ್ಟು ವ್ಯಾನಿನ ಮುಖಕ್ಕೆಲ್ಲ ಬಟ್ಟೆ ಕಟ್ಟಿದರು. ಗಾಳಿಗೆ ಅಡ್ಡವೆಂದು ಅವನಿಗೆ ಗೊತ್ತಿತ್ತು. ಅವರ ಸಂಭ್ರಮ ನೋಡಿ ಬೇಡವೆನ್ನಲು ಬಾಯಿ ಬರಲಿಲ್ಲ. ಬೆಳಗಿನ ತಂಪಿನಲ್ಲಿ ಏನೂ ಆಗಲೂ ಇಲ್ಲ.

ಆ ಶನಿವಾರ ಗಾರ್ಮೆಂಟ್ಸಿನವರು ಮಧ್ಯಾಹ್ನಕ್ಕೇ ಕೆಲಸ ಬಿಟ್ಟಿದ್ದರು. ಮರಳುವ ದಾರಿಯಲ್ಲಿ, ಅವರಲ್ಲೊಬ್ಬಳಾದ, ಇನ್ನೂ ತಿಂಗಳು ತುಂಬದ ಬಸುರಿ ಹೇಮಶ್ರೀಗೆ ಹೆರಿಗೆ ನೋವು ಶುರುವಾಯಿತು. ಮಡಕಶಿರದ ಆಸ್ಪತ್ರೆ ಇನ್ನೂ ದೂರ. ಏರಿನಲ್ಲಿ ಇಂಜಿನ್ನಿನ ಕಾವು ತೋರಿಸುವ ಮುಳ್ಳು ಕೆಂಪಿಗೆ ಬಂತು. ಹೊಗೆಯಂತೆ ಆವಿ ಎದ್ದಿತು. ಆದಿನಾರಾಯಣ ವ್ಯಾನು ನಿಲ್ಲಿಸಿ ಇಂಜಿನ್ನು ಆರಿಸಿದ.

"ಇಲ್ಲಿ ನಿಲ್ಲಿಸ್ತೀಯೇನೋ ಪಾಪಿ!" ಹೇಮಶ್ರೀಯ ಅತ್ತೆ ನರಸಕ್ಕ, ಅವಳೂ ಅದೇ ಗಾರ್ಮೆಂಟ್ಸಿನಲ್ಲಿ ದಾರ ಕತ್ತರಿಸುವವಳು, ನೀರಿನ ಕ್ಯಾನು ಹಿಡಿದು ಮುಂದಕ್ಕೆ ಓಡಿಬಂದಳು. "ಮುಚ್ಚಳ ತೆಗಿ, ಹುಯ್ಯಿ!"

"ಈಗ ತೆಗೆದ್ರೆ ಕುದಿಯೋ ನೀರು ಮುಖಕ್ಕೇ ಚಿಮ್ಮತೈತೆ. ಕೈ ತೆಗಿ ನರಸಕ್ಕ! ಮೊದ್ಲು ಈ ಬಟ್ಟೆ ಬಿಚ್ಚಬೇಕು."

"ಪೂಜೆಗೆ ಕಟ್ಟಿದ್ದು! ಇವಳು ನೋವು ತಿನ್ನೋ ಹೊತ್ನಾಗೆ ಬಿಚ್ತೀಯ?"

"ನಂದೇ ತಪ್ಪು. ನಿಮ್ಮ ಮುಖ ನೋಡಿ ಸುಮ್ನಿದ್ದೆ. ಇದು ಇರೋತನಕ ಗಾಡಿ ಆಸ್ಪತ್ರೆ ಮುಟ್ಟಲ್ಲ."

ಒಳಗಿಂದ ಹೇಮಶ್ರೀ ಚೀರಿದಳು. ನರಸಕ್ಕ ಕೊರಳಿಗೆ ನೇತುಹಾಕಿದ್ದ ಕತ್ತರಿ ತೆಗೆದು ತಾನೇ ದಾರಗಳನ್ನು ಕಚಕಚನೆ ಕತ್ತರಿಸಿದಳು.

ಕಾಯುವುದೇ ಕಷ್ಟವಾಯಿತು. ಎಲ್ಲರ ಬೈಗುಳ ಕೇಳುತ್ತ ಆದಿನಾರಾಯಣ ರೇಡಿಯೇಟರಿನ ಮೇಲೆ ಅಂಗೈ ಚಾಚಿ ಕಾವು ನೋಡುತ್ತಿದ್ದ. ಕೊನೆಗೆ ಟವೆಲ್ಲು ಸುತ್ತಿ ಮುಚ್ಚಳವನ್ನು ತುಸುವೇ ತಿರುಗಿಸಿದ. ಬುಸ್ಸೆಂದು ಆವಿ ಹೋದ ಮೇಲೆ ಪೂರ್ತಿ ತೆಗೆದ. ಇಂಜಿನ್ನು ಚಾಲೂ ಮಾಡಿ, ಸ್ವಲ್ಪಸ್ವಲ್ಪವೇ ನೀರು ಹುಯ್ದು, ಮುಚ್ಚಳ ಬಿಗಿದ. ಏರು ಹತ್ತಿ ಇಳಿಯುವವರೆಗೆ ಮುಳ್ಳಿನಿಂದ ಕಣ್ಣು ಕೀಳಲಿಲ್ಲ. ಅದು ಮತ್ತೆ ಕೆಂಪು ಮುಟ್ಟಲಿಲ್ಲ.

ಆಸ್ಪತ್ರೆಯ ಮುಂದಿನ ನೆರಳಲ್ಲಿ ಹೆಂಗಸರು ಕೂತಿದ್ದರು. ಹೊತ್ತು ಇಳಿಯುವಾಗ ನರಸಕ್ಕ ಹೊರಗೆ ಬಂದಳು.

"ಹೆಣ್ಣು ಕೂಸು. ಸಣ್ಣಕ್ಕೈತೆ, ಆದ್ರೆ ಅಳ್ತೈತೆ. ತಾಯೀನೂ ಚೆನ್ನಾಗವ್ಳೆ."

ಆದಿನಾರಾಯಣ ಉಳಿದವರನ್ನು ಊರಿಗೆ ಬಿಡಬೇಕಿತ್ತು. ಸೀಟಿನಡಿಯ ಪೊರಕೆ ಎಳೆದುಕೊಂಡು ವ್ಯಾನಿನ ಒಳಗನ್ನು ಗುಡಿಸತೊಡಗಿದ.