‘ಇಲ್ಲ’ ಅನ್ನುವ ಮುಂಚೆ ನಿಂತ ರೇಡಿಯೊ

“ಬಾಯಾರ, ಯಾರ ಜೋಡಿ ಮಾತಾಡಾಕತ್ತೀರಿ?”

ಸ್ಟುಡಿಯೊ ಬಾಗಿಲು ತೆರೆದು ಹೀಗೆ ಕೇಳಿದವರು ನಮ್ಮ ಸಮುದಾಯ ರೇಡಿಯೊದ ಟೆಕ್ನಿಷಿಯನ್ ರಾವಸಾಬ. ಬಾಯಾರ ಅಂದರೆ ನಾನು. (ನಮ್ಮ ಕಡೆ ಟೀಚರಮ್ಮನಿಗೆ ಹಾಗನ್ನುತ್ತಾರೆ. ಚಿಕ್ಕೋಡಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ, ಬೆಳಗ್ಗೆ ಒಂದು ಗಂಟೆ ರೇಡಿಯೊದಲ್ಲಿ ಮಾತಾಡುತ್ತೇನೆ. ನಿಮಗೆ ಗೊತ್ತಿದ್ದದ್ದೇ.) ಹೊರಗೆ ಕೆಂಪು ದೀಪ ಉರಿಯುವಾಗ ಯಾರೂ ಒಳಗೆ ಬರುವಂತಿಲ್ಲ. ರಾವಸಾಬ ಬಂದರು, ಅದೂ ಮಳೆಯಲ್ಲಿ ತೊಯ್ದು ತಪ್ಪಡಿಯಾಗಿ. ನಾನು ಮೈಕ್ ಮುಚ್ಚಿ ಕಣ್ಣು ಕೆಕ್ಕರಿಸಿದೆ.

“ಸಿಟ್ಟಿಗೇಳಬ್ಯಾಡ್ರಿ. ನಿಮ್ಮ ಮಾತ ಯಾರಿಗೂ ಕೇಳವಲ್ದು. ಏಕಸಂಬಿ ದಾಟಿದಾಗಿಂದ ನನ್ನ ಮೊಬೈಲ್ ರೇಡಿಯೊದಾಗ ಬರೇ ಸುಂಯ್ ಅನ್ನಾಕತ್ತೈತಿ. ಟ್ರಾನ್ಸ್‌ಮೀಟರ್ ಬಂದ್ ಬಿದ್ದೈತಿ.”

ಆದರೆ ನನ್ನ ಹೆಡ್‌ಫೋನಿನಲ್ಲಿ ನನ್ನ ದನಿ ಚೆನ್ನಾಗಿಯೇ ಕೇಳುತ್ತಿತ್ತಲ್ಲ? ಕೇಳದೇ ಏನು! ಹೆಡ್‌ಫೋನಿಗೆ ದನಿ ಬರುವುದು ಎದುರಿನ ಮಿಕ್ಸರ್‌ನಿಂದ. ಅದು ಮುಂದೆ ಮಾಳಿಗೆಯ ಆಂಟೆನಾ ಹತ್ತಿ ನಿಮ್ಮ ಮನೆ ಮುಟ್ಟಿತೋ ಇಲ್ಲವೋ, ಹೆಡ್‌ಫೋನಿಗೇನು ಗೊತ್ತು? ಅದಕ್ಕೆಂದೇ ರಾವಸಾಬ ಸ್ಟುಡಿಯೊದಲ್ಲಿ ಒಂದು ಸಾದಾ ರೇಡಿಯೊ ಇಟ್ಟಿದ್ದರು. ಹಾಡು ಹಾಕಿದಾಗಲೆಲ್ಲ ಅದನ್ನು ಕಿವಿಗೆ ಹಿಡಿದು, ನಾವು ಗಾಳಿಯಲ್ಲಿ ಇದ್ದೇವೆಯೇ ಎಂದು ನೋಡಬೇಕು. ನಮ್ಮ ಸ್ಟೇಷನ್ನಿನ ಮೊದಲ ನಿಯಮ ಅದು.

ಆ ರೇಡಿಯೊದ ಸೆಲ್ ಎರಡು ದಿನದ ಹಿಂದೆ ನಾನೇ ತೆಗೆದು ಗೋಡೆ ಗಡಿಯಾರಕ್ಕೆ ಹಾಕಿದ್ದೆ. ಗಡಿಯಾರ ನಿಂತಿತ್ತು. ರೇಡಿಯೊದವರಿಗೆ ಟೈಮ್ ಮುಖ್ಯ ಅಲ್ಲವೇ?

(ಹಾಗಾಗಿ ಟೈಮ್ ಮಾತ್ರ ಕರಾರುವಾಕ್ಕಾಗಿ ಗೊತ್ತಾಯಿತು. ಟ್ರಾನ್ಸ್‌ಮೀಟರ್ ಏಳು ನಲವತ್ತೊಂದಕ್ಕೆ ನಿಂತಿದ್ದಾಗಿ ಅದರ ಪರದೆ ಹೇಳುತ್ತಿತ್ತು. ಗಡಿಯಾರದಲ್ಲಿ ಏಳು ಐವತ್ತೆಂಟು. ಹದಿನೇಳು ನಿಮಿಷ ನಾನು ಗೋಡೆಗೆ ನಗುನಗುತ್ತಾ ಮಾತಾಡಿದ್ದೆ.)

ಮೊದಲು ಬಂದದ್ದು ನಾಚಿಕೆ. ಆಮೇಲೆ ಬ್ಯಾಗಿನಿಂದ ಫೋನ್ ತೆಗೆದೆ. ಖತೀಜಾ ಆಪಾ ಅವರ ವಾಯ್ಸ್ ಮೆಸೇಜ್ ಬಂದಿತ್ತು.

ಖತೀಜಾ ಆಪಾ ಅಂಕಲಿಯ ಬಳೆ ವ್ಯಾಪಾರಿ. ಸ್ಕೂಟಿಗೆ ಹಿಂದೆ ಮುಂದೆ ಬಳೆ ಡಬ್ಬಿ ಕಟ್ಟಿಕೊಂಡು ನದಿಯಾಚೆಯ ಹಳ್ಳಿಗಳಿಗೆ ಹೋಗುತ್ತಾರೆ. ಮಳೆಗಾಲದಲ್ಲಿ ಬ್ರಿಜ್ ಮುಳುಗಿದೆಯೋ ಇಲ್ಲವೋ ಎಂಬ ಸುದ್ದಿಯನ್ನು ನಾನು ಓದಿದ ಮೇಲೆಯೇ ಅವರು ಮನೆ ಬಿಡುವುದು. ಗಾಜಿನ ಬಳೆ ಮೈಕಿನಲ್ಲಿ ಸದ್ದು ಮಾಡುತ್ತವೆಂದು ನಾನು ಬರಿಗೈಯಲ್ಲಿರುತ್ತೇನೆ. ಆ ಬಗ್ಗೆ ಅವರಿಗೆ ನನ್ನ ಮೇಲೆ ಕಾಯಂ ತಕರಾರು.

“ಬಾಯಾರ, ಬ್ರಿಜ್ ಮುಕ್ತ ಅಂದ್ರಿ, ಕೇಳೇನ್ರಿ. ಮುಂದ ನಿಮ್ಮ ರೇಡಿಯೊ ಗಪ್ ಆತು. ಇರ್ಲಿ ಬಿಡ್ರಿ, ನನಗ ಬೇಕಾಗಿದ್ದ ಕೇಳಿಸ್ತು. ಹೊಂಟ್ನಿ.”

ಮೆಸೇಜ್ ಬಂದದ್ದು ಏಳು ನಲವತ್ನಾಲ್ಕಕ್ಕೆ.

ಏಳು ನಲವತ್ತೊಂದಕ್ಕೆ ನಾನು ಓದುತ್ತಿದ್ದ ವಾಕ್ಯ ಇನ್ನೂ ಮೇಜಿನ ಮೇಲಿತ್ತು. ನಾನೇ ಬರೆದದ್ದು: “ಅಂಕಲಿ ಹತ್ತಿರದ ಸಣ್ಣ ಸೇತುವೆ ಇಂದು ಎಲ್ಲ ವಾಹನಗಳ ಸಂಚಾರಕ್ಕೆ ಮುಕ್ತವಾಗಿರುವುದಿಲ್ಲ.”

ಕೊನೆಯ ‘ಇಲ್ಲ’ ಹೊರಗೆ ಹೋಗಿರಲಿಲ್ಲ!

ಖತೀಜಾ ಆಪಾಗೆ ಫೋನ್ ಹಚ್ಚಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ. ಮತ್ತೆ ಹಚ್ಚಿದೆ. ಹೊರಗಿದ್ದಾರೆ. ಎಲ್ಲಿಯ ಹೊರಗೆ? ನೀರಿನ ಒಳಗೆ? ಅಂಕಲಿಯಲ್ಲಿರುವ ತಂಗಿಗೆ ಫೋನ್ ಮಾಡಿ, ಯಾರನ್ನಾದರೂ ನದಿಗೆ ಓಡಿಸು ಎಂದೆ. “ಅಕ್ಕಾ, ನೀ ಯಾಕ ಅಳಾಕತ್ತಿ?” ಎಂದಳು. ಅಳುತ್ತಿರುವುದು ನನಗೆ ಗೊತ್ತೇ ಇರಲಿಲ್ಲ.

ರಾವಸಾಬ ಅಷ್ಟರಲ್ಲಿ ಮಾಳಿಗೆ ಹತ್ತಿದ್ದರು. ಆಂಟೆನಾದ ಕೇಬಲ್ ಜೋಡಿಸಿದಲ್ಲಿ ನೀರು ಇಳಿದಿತ್ತು. ಟ್ರಾನ್ಸ್‌ಮೀಟರ್ ಕೆಟ್ಟಿರಲಿಲ್ಲ, ತಾನು ಸುಟ್ಟುಹೋಗಬಾರದೆಂದು ತಾನೇ ಬಂದ್ ಆಗಿತ್ತು. (ಜಾಣ ಯಂತ್ರ. ತನ್ನ ಜೀವ ಉಳಿಸಿಕೊಳ್ಳುವುದು ಗೊತ್ತು.) ಜೋಡಣೆ ಬಿಚ್ಚಿ, ಒರೆಸಿ, ಹೊಸದು ಹಾಕಿ, ಅರ್ಧ ಪವರ್‌ನಲ್ಲಿ ಶುರು ಮಾಡುವಷ್ಟರಲ್ಲಿ ಎಂಟೂ ಇಪ್ಪತ್ತು.

ಪ್ರಸಾರ ನಿಂತು ಮತ್ತೆ ಶುರುವಾದಾಗ ಏನು ಹೇಳಬೇಕೆಂದು ನಮ್ಮ ಗೋಡೆಯ ಮೇಲೆ ಬರೆದು ಅಂಟಿಸಿದೆ: ‘ತಾಂತ್ರಿಕ ಅಡಚಣೆಗಾಗಿ ವಿಷಾದಿಸುತ್ತೇವೆ.’ ಎಷ್ಟು ಮರ್ಯಾದಸ್ಥ ವಾಕ್ಯ! ನಾನು ಅದನ್ನು ಓದಲಿಲ್ಲ. “ಇಲ್ಲ! ಬ್ರಿಜ್ ಇಲ್ಲ! ಖತೀಜಾ ಆಪಾ, ಎಲ್ಲಿದ್ದೀರಿ ಅಲ್ಲೇ ನಿಲ್ರಿ! ಯಾರೂ ನೀರಿಗೆ ಇಳೀಬ್ಯಾಡ್ರಿ!” ಎಂದು ಕಿರುಚಿದೆ. ಕ್ರಿಯಾಪದ ವಾಕ್ಯದ ಕೊನೆಗೆ ಬರಬೇಕು ಎಂದು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದ ನಾನು ಆವತ್ತು ‘ಇಲ್ಲ’ವನ್ನೇ ಮೊದಲು ಕೂಗಿದ್ದೆ.

ಆಮೇಲೆ ಕಾಯುವುದು. ಐವತ್ತೈದು ನಿಮಿಷ ಆ ಹಾಳು ಗಡಿಯಾರವನ್ನೇ ನೋಡಿದೆ.

ಒಂಬತ್ತೂಕಾಲಿಗೆ ಗೊತ್ತಿಲ್ಲದ ನಂಬರಿನಿಂದ ಫೋನ್. “ಬಾಯಾರ, ನಾನ್ರಿ, ಖತೀಜಾ.”

“ಎಲ್ಲಿದ್ದೀರಿ ಆಪಾ?” ಎಂದು ಕೂಗಿದೆ.

ಸೇತುವೆಯ ಮೇಲೆ ಹತ್ತು ಮಾರು ಹೋಗಿದ್ದರಂತೆ. ನೀರು ಸ್ಕೂಟಿಯ ಗಾಲಿ ಮುಳುಗುವಷ್ಟು ಬಂದು ಗಾಡಿಯನ್ನು ಪಕ್ಕಕ್ಕೆ ತಳ್ಳತೊಡಗಿತು. ದಡದಲ್ಲಿದ್ದ ಟ್ರ್ಯಾಕ್ಟರಿನವರೊಬ್ಬರು ಓಡಿ ಬಂದು ರಟ್ಟೆ ಹಿಡಿದು ಎಳೆದರು. ಗಾಡಿ, ಬಳೆ, ಫೋನ್ ಎಲ್ಲ ಕೃಷ್ಣೆಗೆ ಹೋದವು.

“ನೀರು ಕಾಣಿಸಲಿಲ್ಲೇನ್ರಿ ಆಪಾ?” ಎಂದೆ.

“ಕಾಣಿಸ್ತ್ರಿ. ಕಣ್ಣಿಗಿ ನಿಚ್ಚಳ ಕಾಣಾಕತ್ತಿತ್ತು. ಆದ್ರ ಬಾಯಾರ ಮುಕ್ತ ಅಂದಾರಲ್ಲ, ಅವ್ರಿಗಿ ಗೊತ್ತಿರಬೇಕ ಅಂತ ಇಳದ್ನಿ.”

ಓದುಗರೇ, ನನ್ನನ್ನು ಈಗಲೂ ಹೆದರಿಸುವುದು ಕೃಷ್ಣೆಯಲ್ಲ, ಆ ಮಾತು. ತನ್ನ ಕಣ್ಣಿಗಿಂತ ನನ್ನ ದನಿಯನ್ನು ಹೆಚ್ಚು ನಂಬುವ ಒಬ್ಬರು ಇದ್ದಾರೆ, ನಾನೋ ಸ್ಟುಡಿಯೊದ ರೇಡಿಯೊದ ಸೆಲ್ ಕಿತ್ತು ಗಡಿಯಾರಕ್ಕೆ ಹಾಕಿದವಳು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವರು ಬೈಯಲೂ ಇಲ್ಲ.

ಎರಡು ದಿನ ಬಿಟ್ಟು ಸ್ಟೇಷನ್ನಿಗೇ ಬಂದರು. ರಟ್ಟೆಯ ಮೇಲೆ ಬೆರಳಿನ ಗುರುತು ಕಪ್ಪಾಗಿ ಮೂಡಿತ್ತು. ನಾನು ತಪ್ಪೊಪ್ಪಿಕೊಂಡು ಆ ವಾಕ್ಯ ತೋರಿಸಿದೆ. ನಿಧಾನ ಓದಿದರು. “ಅಲ್ರಿ ಬಾಯಾರ, ಇಷ್ಟ ದೊಡ್ಡ ಮಾತಿಗಿ ‘ಇಲ್ಲ’ ಬಾಲದಾಗ ಕುಂತೈತೆಲ್ರಿ! ಹೋಗಬ್ಯಾಡ ಅನ್ನಾಕ ನಮ್ಮ ಮನ್ಯಾಗ ಉರ್ದುದಾಗ ‘ಮತ್ ಜಾವ್’ ಅಂತೇವಿ. ಬ್ಯಾಡ ಅನ್ನೂದ ಮೊದಲ ಬರತೈತಿ.”

ವಿಚಾರ ಮಾಡಿ ನೋಡಿ. ನಮ್ಮ ಕನ್ನಡದಲ್ಲಿ ಬೇಡವಾದದ್ದೆಲ್ಲ ಕೊನೆಗೆ. ‘ಮದುವೆಗೆ ಬರುವುದಕ್ಕೆ ಆಗುವುದಿಲ್ಲ.’ ‘ಈ ಗುಳಿಗೆ ಊಟಕ್ಕೆ ಮೊದಲು ತಗೋಬಾರದು.’ ಗಡಿಯಾಚೆಯ ಮರಾಠಿಯಲ್ಲೂ ‘ನಾಹಿ’ ಬಾಲದಲ್ಲೇ. ನಡುವೆ ಲೈನ್ ಕಟ್ ಆದರೆ? ಫೋನಿನಲ್ಲಿ ದಿನಾ ಆಗುತ್ತದೆ, ಅಲ್ಲವೇ? ಅರ್ಧ ಕೇಳಿ ಇನ್ನರ್ಧ ನಾವೇ ತುಂಬಿಕೊಳ್ಳುತ್ತೇವೆ, ಅದೂ ನಮಗೆ ಬೇಕಾದ ಹಾಗೆ.

ಈಗ ರೇಡಿಯೊಗೆ ಹೊಸ ಸೆಲ್ ಬಂದಿವೆ, ಡ್ರಾಯರ್‌ನಲ್ಲಿ ಇನ್ನೆರಡು ಜೋಡಿ ಇವೆ. ಬ್ರಿಜ್ ಸುದ್ದಿಯನ್ನು “ಬ್ಯಾಡ್ರಿ” ಎಂದೇ ಶುರು ಮಾಡುತ್ತೇನೆ. (‘ಹೋಗಬೇಡಿ’ಯಲ್ಲೂ ‘ಹೋಗ’ ಮೊದಲು ಬರುತ್ತದೆ, ಗಮನಿಸಿದ್ದೀರಾ? ನಾನು ಈಗ ಅದಕ್ಕೂ ಹೆದರುತ್ತೇನೆ.) ಆದರೂ ಮೋಡ ಕಟ್ಟಿದ ದಿನ ಮೈಕ್ ಮುಂದೆ ಕೂತರೆ ಒಂದೇ ಹಾಡಿಗೆ ಎರಡು ಸಲ ಆ ರೇಡಿಯೊ ಕಿವಿಗೆ ಹಿಡಿಯುತ್ತೇನೆ. ಕೇಬಲ್ ಮತ್ತೆ ತೋಯುತ್ತದೆ, ಕರೆಂಟ್ ಮತ್ತೆ ಹೋಗುತ್ತದೆ. ಯಾವ ಅಕ್ಷರದ ಮೇಲೆ ಎಂದು ಯಾರು ಬಲ್ಲರು?

ನನ್ನ ದನಿ ಎಂದಾದರೂ ಅರ್ಧಕ್ಕೆ ನಿಂತರೆ, ದಯವಿಟ್ಟು, ಕೇಳದ ಆ ಅರ್ಧದಲ್ಲಿ ‘ಬೇಡ’ ಇತ್ತೆಂದೇ ತಿಳಿಯಿರಿ.