ಆ ಪಾದ್ರಿಯ ಕಥೆಯನ್ನು ನಾನು ತಿರುಚಿದ್ದು

ಅಕ್ಕಾ, ಕುಷ್ಟಗಿಯ ಟೆಂಟಿನಲ್ಲಿ ಆ ಸಂಜೆ ನಾನು ಹೇಳಿದ ಕಥೆ ಸುಳ್ಳು. ಸುಳ್ಳೆಂದು ತಿಳಿದೇ ಹೇಳಿದೆ. ನೀನು ಹೆಂಗಸರ ಸಾಲಿನಲ್ಲಿ ಕುಳಿತಿದ್ದೀ ಎಂದು ತಿಳಿದೂ ಹೇಳಿದೆ.

ಅದು ಮೂಕಿ ಚಿತ್ರಗಳ ಕಾಲ. ಕೊಪ್ಪಳ, ಯಲಬುರ್ಗಾ, ಗಂಗಾವತಿ ಎಂದು ಟೆಂಟಿನ ಜೊತೆ ಅಲೆಯುತ್ತಿದ್ದೆ. ಪರದೆಯ ಪಕ್ಕ ನಿಂತು ಕಥೆಯನ್ನು ಕನ್ನಡದಲ್ಲಿ ಕೂಗಿ ಹೇಳುವುದು ನನ್ನ ಕೆಲಸ. ಆ ಸಂಜೆಯ ಚಿತ್ರ ಸ್ಪೇನ್ ದೇಶದ ಮಾತಿನದು. ನಡುನಡುವೆ ಮೂಡುವ ಅಕ್ಷರ ಓದಬಲ್ಲವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಆ ಚಿತ್ರ ತೋರಿಸಬಾರದೆಂದು ಆ ದೇಶದ ಪಾದ್ರಿಗಳೇ ಗಲಾಟೆ ಮಾಡಿದ್ದರಂತೆ. ಮುಂಬಯಿಯಿಂದ ಚಿತ್ರದ ಡಬ್ಬಿ ತಂದವನು ಹೇಳಿದ್ದಿಷ್ಟು — ಮದುವೆಯಾಗಬಾರದ ಪಾದ್ರಿ, ಅವನ ಬಳಿ ಪಾಪ ಹೇಳಿಕೊಳ್ಳಲು ಬಂದ ಹುಡುಗಿ, ಅವಳಿಗೆ ನಿಂತ ಬಸಿರು, ಅವನು ಅದನ್ನು ಮುಚ್ಚಿಟ್ಟದ್ದು, ಅವಳ ಸಾವು.

ನಿನ್ನ ಕಥೆಯೇ, ಅಕ್ಕಾ — ನೀನು ಸಾಯಲಿಲ್ಲ, ಅಷ್ಟೇ. ಗಂಡ ತೀರಿದ ಮೇಲೆ ನೀನು ಮಠದ ಅಡಿಗೆಗೆ ಹೋಗುತ್ತಿದ್ದೆ. ಕೂಸು ಹುಟ್ಟಿ ಸತ್ತಿತು. ಊರು ಯಾವನೋ ಗಾಡಿಯವನ ಹೆಸರು ಹೇಳಿ ನಿನ್ನ ಮೇಲೆ ಉಗುಳಿತು. ಕೂಸಿನ ತಂದೆ ಮಠದ ಸ್ವಾಮಿಗಳೆಂದು ನೀನು ಹೇಳಿದ್ದು ನನ್ನೊಬ್ಬನಿಗೆ.

ಟೆಂಟಿನ ಜಾಗವೂ ಮಠದ್ದೇ. ಸ್ವಾಮಿಗಳು ಬಂದು ಮುಂದಿನ ಕುರ್ಚಿಯಲ್ಲಿ ಕುಳಿತರು. ಮಾಲಕ ನನ್ನ ಕಿವಿಯಲ್ಲಿ ಅಂದ: "ಲೇ, ಅಜ್ಜಾರು ಕುಂತಾರ. ಪಾದ್ರೀನ ಕೆಟ್ಟವ ಮಾಡಿದೀ ಅಂದ್ರ ನಾಳೆ ಈ ಟೆಂಟ್ ನಿಮ್ಮವ್ವನ ಹಿತ್ತಲದಾಗ ಹಾಕಬೇಕಾಗ್ತೈತಿ. ತಪ್ಪೆಲ್ಲಾ ಹುಡುಗಿ ಮ್ಯಾಲೆ ಹಾಕು."

ಹಾಕಿದೆ. ಮಾಯಗಾತಿ ಅಂದೆ. ಸಾಧುವಿನ ವ್ರತ ಕೆಡಿಸಿದವಳು ಅಂದೆ. ಆದರೆ ಪರದೆ — ಪರದೆ ನನ್ನ ಮಾತು ಕೇಳುತ್ತಿರಲಿಲ್ಲ. ಆಳೆತ್ತರದ ಆ ಮುಖ, ಒಳಗಿನಿಂದಲೇ ದೀಪ ಹಚ್ಚಿದಂಥ ಆ ಕಣ್ಣು... ಎಷ್ಟೋ ಚಿತ್ರ ನೋಡಿದವನು ನಾನು, ಅಂಥದನ್ನು ಕಂಡಿರಲಿಲ್ಲ. ಅವಳು ಪಾದ್ರಿಯ ನಿಲುವಂಗಿಯ ಅಂಚು ಹಿಡಿದು ಬಾಯಿ ತೆರೆದಾಗ ಬೀಡಿ ಸೇದುವವರ ಕೈ ಗಾಳಿಯಲ್ಲೇ ನಿಂತವು. ನನ್ನ ಮಾತೂ ನಿಂತಿತು. ಆಮೇಲೆ ಅವಳ ಹೆಣದ ಮುಂದೆ ಅದೇ ಪಾದ್ರಿ ನಿಂತು ಪ್ರಾರ್ಥನೆ ಹೇಳಿದ. ತಿರುಗಿ ನೋಡಿದೆ. ಹೆಂಗಸರೆಲ್ಲ ಸೆರಗಿನಲ್ಲಿ ಮುಖ ಮುಚ್ಚಿದ್ದರು. ನೀನೊಬ್ಬಳೇ ತಲೆಯೆತ್ತಿ, ರೆಪ್ಪೆ ಬಡಿಯದೆ...

ಮನೆಗೆ ನಡೆಯುವಾಗ ನೀನು ಕೇಳಿದೆ: "ತಮ್ಮಾ, ನನ್ನ ಹೆಸರು ಉಳಸು ಅಂತ ಅಕಿ ಕೇಳಿದ್ಲಲ್ಲ. ಅದನ್ಯಾಕ ನೀ ಹೇಳಲಿಲ್ಲ?"

"ಅದು ಸ್ಪೇನಿನ ಮಾತಬೇ. ನಿನಗ ಹೆಂಗ ತಿಳೀತು?"

"ಮತ್ತೇನ ಕೇಳತಾಳೊ ಅಕಿ?"

ಕಂಡರಿಯದ ದೇಶದ ಹೆಣ್ಣಿನ ತುಟಿಯನ್ನು ನೀನು ಓದಿದ್ದೆ.

ಹೋದ ವಾರ ಜ್ವರ ಏರಿದಾಗ ನೀನು ಮತ್ತೊಂದು ಕೇಳಿದೆ. ನಮ್ಮಲ್ಲಿ ಮಣ್ಣು ಮಾಡುವ ಮೊದಲು ಸ್ವಾಮಿಗಳು ಸತ್ತವರ ತಲೆಯ ಮೇಲೆ ಪಾದ ಇಡಬೇಕು. "ಅವರ ಪಾದ ನನಗ ಬ್ಯಾಡೊ. ಅಷ್ಟ ಮಾಡು," ಅಂದೆ ನೀನು. ಹೂಂ ಎಂದೆ ನಾನು.

ನೀನು ತೀರಿದ ಮೇಲೆ ಬಂಧುಗಳು ಆ ಸ್ವಾಮಿಗಳನ್ನೇ ಕರೆಸಿದರು. ಮುಪ್ಪಿನಲ್ಲಿ ಕೋಲೂರಿಕೊಂಡು ಬಂದರು. ಬೇಡವೆನ್ನಲು ಬಾಯಿ ತೆರೆದೆ — ಎಲ್ಲರೂ ನನ್ನ ಕಡೆ ನೋಡಿದರು. "ಯಾಕಪಾ ನಿಂತಿ? ನೀರ ಹಾಕು," ಅಂದರು ಸ್ವಾಮಿಗಳು.

ತಂಬಿಗೆ ಎತ್ತಿ ಆ ಪಾದ ತೊಳೆದೆ.

ಪಾದದಡಿಯಲ್ಲೂ ನಿನ್ನ ಮುಖದಲ್ಲಿ ಎಂಥ ನೆಮ್ಮದಿ, ಅಕ್ಕಾ. ತಮ್ಮ ಹೂಂ ಎಂದಿದ್ದಾನೆ ಎಂದು ನಂಬಿ ಕಣ್ಣು ಮುಚ್ಚಿದವಳ ಮುಖ ಅದು.

ನಾಡಿದ್ದು ನಿನ್ನ ಹೆಸರಿನಲ್ಲಿ ಬಂಧುಗಳು ಕೂಡುತ್ತಾರೆ. ಸ್ವಾಮಿಗಳೂ ಬರುತ್ತಾರೆ. ಕೂಸಿನ ತಂದೆ ಯಾರೆಂದು ಅವರೆದುರಿಗೇ ಹೇಳುತ್ತೇನೆ. ಆ ಪಾದ ಬೇಡವೆಂದು ನೀನು ಕೇಳಿಕೊಂಡದ್ದು ಮಾತ್ರ ಇನ್ನು ನನ್ನಿಂದಾಗದು.